ಕಾಲುಗುರಿಗೆ ಹಿಡಿಯುವ ಶಿಲೀಂಧ್ರ: ಮೊದಲು ಪರೀಕ್ಷೆ, ಆಮೇಲೆ ಮಾತ್ರೆ



ನಮ್ಮ ರಾಯದುರ್ಗ, ಮಡಕಶಿರಾ ಭಾಗದ ಸದಸ್ಯರಲ್ಲಿ ಹಿರಿಯರು ಹೆಚ್ಚು. ಸಕ್ಕರೆ ಕಾಯಿಲೆ ಇರುವವರೂ ಸಾಕಷ್ಟಿದ್ದಾರೆ. ವಯಸ್ಸಾದವರಿಗೆ ಮತ್ತು ಸಕ್ಕರೆ ಕಾಯಿಲೆ ಇರುವವರಿಗೆ ಕಾಲಿನ ಉಗುರಿನ ಶಿಲೀಂಧ್ರ, ಅಂದರೆ ಫಂಗಸ್, ಬೇಗ ಹಿಡಿಯುತ್ತದೆ. ನೋವಿಲ್ಲವೆಂದು ಹಲವರು ವರ್ಷಗಟ್ಟಲೆ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗುತ್ತಾರೆ. ಎರಡೂ ತರವಲ್ಲ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಸುತ್ತಿದ್ದೇವೆ.

ಇದು ಉಗುರುಸುತ್ತು ಅಲ್ಲ

ಉಗುರುಸುತ್ತು ಆದರೆ ಉಗುರಿನ ಪಕ್ಕದ ಚರ್ಮ ಕೆಂಪಾಗಿ ಊದಿ, ಎರಡು ಮೂರು ದಿನದಲ್ಲೇ ಮಿಡಿಯುವ ನೋವು ಬರುತ್ತದೆ. ಶಿಲೀಂಧ್ರ ಹಾಗಲ್ಲ, ಸದ್ದಿಲ್ಲದೆ ಬರುತ್ತದೆ. ಸಾಮಾನ್ಯವಾಗಿ ಹೆಬ್ಬೆರಳ ಉಗುರಿನ ತುದಿಯಲ್ಲಿ ಹಳದಿ ಅಥವಾ ಬಿಳಿ ಬಣ್ಣ ಕಾಣಿಸಿಕೊಂಡು ಬುಡದ ಕಡೆಗೆ ಸರಿಯುತ್ತದೆ. ಉಗುರು ದಪ್ಪವಾಗುತ್ತದೆ, ಪುಡಿಯಾಗುತ್ತದೆ, ಕೆಳಗಿನ ಮಾಂಸದಿಂದ ಬಿಟ್ಟುಕೊಳ್ಳುತ್ತದೆ. ಹೆಚ್ಚಿನ ಸಲ ಇದಕ್ಕೆ ಕಾರಣ ಟ್ರೈಕೋಫೈಟಾನ್ ರೂಬ್ರಮ್ ಎಂಬ ಶಿಲೀಂಧ್ರ. ಉಗುರು ಯಾವುದರಿಂದ ಆಗಿದೆಯೋ ಆ ಕೆರಾಟಿನ್ನೇ ಇದರ ಆಹಾರ.

ಒಣ ಸೀಮೆಯಲ್ಲಿ ಎಲ್ಲಿಂದ ಬಂತು?

ಅನಂತಪುರ ಸೀಮೆಯಲ್ಲಿ ಮಳೆಯೇ ಕಡಿಮೆ, ಇಲ್ಲಿ ಕಾಲಿಗೆ ಬೂಷ್ಟು ಹೇಗೆ ಎಂದು ಕೇಳಬಹುದು. ಊರು ಒಣಗಿದ್ದರೂ ಶೂ ಒಳಗೆ ಸದಾ ಮಲೆನಾಡು! ಬೆವರು, ಬಿಸಿ, ಕತ್ತಲೆ ಮೂರೂ ಅಲ್ಲಿರುತ್ತವೆ. ಬೆಳಗಿನಿಂದ ಸಂಜೆಯವರೆಗೆ ಶೂ ಹಾಕುವವರು, ಹಿಪ್ಪುನೇರಳೆ ತೋಟಕ್ಕೆ ನೀರು ಹಾಯಿಸುವವರು, ದಿನವಿಡೀ ಪಾತ್ರೆ ಬಟ್ಟೆ ಎಂದು ನೀರಿನಲ್ಲೇ ನಿಲ್ಲುವ ಗೃಹಿಣಿಯರು, ಎಲ್ಲರೂ ಎಚ್ಚರವಾಗಿರಬೇಕು. ಕಾಲುಂಗುರದ ಅಡಿಯಲ್ಲಿ ನೀರು, ಸೋಪು ನಿಲ್ಲುತ್ತದೆ, ಅಲ್ಲಿಯೂ ಒರೆಸಿಕೊಳ್ಳಬೇಕು. ಬಹಳ ಸಲ ಶಿಲೀಂಧ್ರ ಮೊದಲು ಕಾಲ್ಬೆರಳ ಸಂದಿಗೆ ಹಿಡಿದು, ತುರಿಕೆ ತಂದು, ಅಲ್ಲಿಂದ ಉಗುರಿಗೆ ದಾಟುತ್ತದೆ. ಆ ತುರಿಕೆಗೆ ಅಂಗಡಿಯಿಂದ ತರುವ ಕೆಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ತುರಿಕೆ ಅಡಗುತ್ತದೆ, ಆದರೆ ಶಿಲೀಂಧ್ರ ಹರಡುತ್ತದೆ.

ಪರೀಕ್ಷೆ ಏಕೆ ಬೇಕು?

ಕೆಟ್ಟು ಕಾಣುವ ಉಗುರುಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಶಿಲೀಂಧ್ರದಿಂದ ಆದವು. ಸೋರಿಯಾಸಿಸ್, ಹಳೆಯ ಪೆಟ್ಟು, ಬಿಗಿ ಚಪ್ಪಲಿಯಿಂದಲೂ ಉಗುರು ಹಾಗೆಯೇ ಕಾಣುತ್ತದೆ. ಅಂಥವರು ತಿಂಗಳುಗಟ್ಟಲೆ ಶಿಲೀಂಧ್ರದ ಮಾತ್ರೆ ನುಂಗಿದರೆ ದುಡ್ಡು ದಂಡ, ಅಡ್ಡಪರಿಣಾಮ ಉಚಿತ. ಕೆಓಎಚ್ ಎಂಬ ಸರಳ ಪರೀಕ್ಷೆಯಲ್ಲಿ ಉಗುರಿನ ಚೂರು ಮತ್ತು ಅದರ ಅಡಿಯ ಪುಡಿಯನ್ನು ಪೊಟ್ಯಾಷಿಯಂ ಹೈಡ್ರಾಕ್ಸೈಡ್‌ನಲ್ಲಿ ನೆನೆಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಚರ್ಮರೋಗ ವಿಭಾಗವಿರುವ ದೊಡ್ಡ ಆಸ್ಪತ್ರೆಗಳಲ್ಲಿ ಇದರ ಬಗ್ಗೆ ವಿಚಾರಿಸಿ. ಉಗುರಿಗೆ ಬಣ್ಣ, ಗೋರಂಟಿ ಹಚ್ಚಿಕೊಂಡು ಹೋಗಬೇಡಿ. ಉಗುರಿನಲ್ಲಿ ಹೊಸದಾಗಿ ಕಪ್ಪು ಗೆರೆ ಮೂಡಿ ಅಗಲವಾಗುತ್ತಿದ್ದರೆ ಅದು ಬೇರೆ ರೋಗವಿರಬಹುದು, ತಡಮಾಡದೆ ತೋರಿಸಿ.

ಚಿಕಿತ್ಸೆ

ಉಗುರಿನ ತುದಿಗಷ್ಟೇ ಹಿಡಿದಿದ್ದರೆ ಅಮೊರಾಲ್ಫಿನ್‌ನಂಥ ಹಚ್ಚುವ ಔಷಧಿ ಸಾಕಾಗಬಹುದು. ಅದನ್ನು ವಾರಕ್ಕೊಮ್ಮೆಯಂತೆ 9ರಿಂದ 12 ತಿಂಗಳು ಹಚ್ಚಬೇಕಾಗುತ್ತದೆ. ಬುಡದವರೆಗೆ ಹರಡಿದ್ದರೆ ವೈದ್ಯರು ಸಾಮಾನ್ಯವಾಗಿ ಕೊಡುವುದು ಟರ್ಬಿನಾಫಿನ್ 250 ಮಿಲಿಗ್ರಾಂ, ದಿನಕ್ಕೊಂದರಂತೆ 12 ವಾರ. ಇದನ್ನು ಆರಂಭಿಸುವ ಮೊದಲು ರಕ್ತಪರೀಕ್ಷೆ ಮಾಡಿಸಿ ಯಕೃತ್ತು ಸರಿಯಿದೆಯೇ ಎಂದು ನೋಡಬೇಕು. ಇಟ್ರಾಕೊನಜೋಲ್ ಹೃದಯ ದುರ್ಬಲವಾಗಿರುವವರಿಗೆ ಆಗದು. ಕೊಲೆಸ್ಟರಾಲ್‌ನ ಕೆಲವು ಮಾತ್ರೆಗಳ ಜೊತೆಗೂ ಹೊಂದುವುದಿಲ್ಲ. ಸಕ್ಕರೆಗೆ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಫ್ಲುಕೊನಜೋಲ್ ಸೇರಿಸಿದರೆ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಅಂಗಡಿಯಲ್ಲಿ ಕೇಳಿ ತರಬೇಡಿ ಎನ್ನುವುದು ಇದಕ್ಕೇ.

ಇನ್ನೊಂದು ಮುಖ್ಯ ಮಾತು. ಕಾಲಿನ ಉಗುರು ತಿಂಗಳಿಗೆ ಒಂದೂವರೆ ಮಿಲಿಮೀಟರ್‌ನಷ್ಟು ಮಾತ್ರ ಬೆಳೆಯುತ್ತದೆ. ಕೆಟ್ಟ ಭಾಗ ತಾನಾಗಿ ಸರಿಹೋಗದು; ಬುಡದಿಂದ ಹೊಸ ಉಗುರು ಬಂದು ಅದನ್ನು ಮುಂದಕ್ಕೆ ತಳ್ಳಬೇಕು. ಹೆಬ್ಬೆರಳಿಗೆ ಇದು 12ರಿಂದ 18 ತಿಂಗಳ ಕೆಲಸ. ತಿಂಗಳಿಗೇ ಗುಣ ಕಾಣಲಿಲ್ಲವೆಂದು ಔಷಧಿ ಬಿಡುವವರೇ ಹೆಚ್ಚು. ಬುಡದಲ್ಲಿ ಸ್ವಚ್ಛ ಉಗುರು ಮೂಡುತ್ತಿದ್ದರೆ ಔಷಧಿ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಮತ್ತೆ ಬಾರದಂತೆ

ಕಾಲು ತೊಳೆದ ಮೇಲೆ ಬೆರಳ ಸಂದಿ ಒರೆಸಿ. ಸಾಕ್ಸನ್ನು ದಿನವೂ ಬದಲಿಸಿ. ಶೂಗಳನ್ನು ಬಿಸಿಲಿಗಿಡಿ, ಬಿಸಿಲಿಗಂತೂ ನಮ್ಮಲ್ಲಿ ಬರವಿಲ್ಲ. ನೇಲ್ ಕಟರ್ ಮನೆಮಂದಿಗೆಲ್ಲ ಒಂದೇ ಬೇಡ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಕೆದಕಬೇಡಿ.

ಸಕ್ಕರೆ ಕಾಯಿಲೆ ಇರುವವರಿಗೆ

ಸ್ಪರ್ಶ ಕಡಿಮೆಯಾದ ಕಾಲಿನಲ್ಲಿ ದಪ್ಪ ಉಗುರು ಪಕ್ಕದ ಬೆರಳಿಗೆ ಚುಚ್ಚಿದರೂ ತಿಳಿಯುವುದಿಲ್ಲ. ಆ ಗಾಯಕ್ಕೆ ಕೀವು ತುಂಬಿದರೆ ಬೆರಳನ್ನೇ ಕಳೆದುಕೊಳ್ಳುವ ಸ್ಥಿತಿ ಬರಬಹುದು. ಆದ್ದರಿಂದ ರಾತ್ರಿ ಮಲಗುವ ಮುನ್ನ ಕಾಲು ನೋಡಿಕೊಳ್ಳಿ. ಬಗ್ಗಲಾಗದವರಿಗೆ ಮಕ್ಕಳು, ಮೊಮ್ಮಕ್ಕಳು ನೋಡಿ ಹೇಳಲಿ. ದಪ್ಪ ಉಗುರನ್ನು ಬ್ಲೇಡಿನಿಂದ ಕೆರೆಯಬೇಡಿ.

ಕೊನೆಯದಾಗಿ ಒಂದು ವಿನಂತಿ. ಗಡಿಯವರಾದ ನಾವು ಒಮ್ಮೆ ಬಳ್ಳಾರಿಗೆ, ಒಮ್ಮೆ ಅನಂತಪುರಕ್ಕೆ, ಮತ್ತೊಮ್ಮೆ ಹಿಂದೂಪುರಕ್ಕೆ ತೋರಿಸಿಕೊಳ್ಳಲು ಹೋಗುತ್ತೇವೆ. ಒಬ್ಬ ವೈದ್ಯರು ಬರೆದದ್ದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಚೀಟಿ, ರಕ್ತಪರೀಕ್ಷೆಯ ವರದಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಇವುಗಳನ್ನು ಒಂದೇ ಫೈಲಿನಲ್ಲಿ ತಾರೀಖಿನಂತೆ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಮೊಬೈಲಿನಲ್ಲಿ ಉಗುರಿನ ಫೋಟೋ ತೆಗೆದಿಡಿ. ಯಾವ ಊರಿನ ವೈದ್ಯರ ಮುಂದೆ ಕುಳಿತರೂ ಆ ಫೈಲು ನಿಮ್ಮ ಪರವಾಗಿ ಮಾತನಾಡುತ್ತದೆ.

ಈ ಮಾಹಿತಿಯನ್ನು ಮೊಬೈಲ್ ನೋಡದ ಹಿರಿಯರಿಗೆ ದಯವಿಟ್ಟು ಓದಿ ಹೇಳಬೇಕಾಗಿ ಕೋರುತ್ತೇವೆ.

– ಕಾರ್ಯದರ್ಶಿ