ಭಡ್ತಿ ನಿರ್ಧರಿಸಿದ ಒಂದೇ ಪಂದ್ಯ: ಲೂಟನ್ ಟೌನ್ ಸಾಧನೆ

ಇಂಗ್ಲೆಂಡಿನ ಎರಡನೇ ದರ್ಜೆಯ ಫುಟ್ಬಾಲ್ ಲೀಗ್ ಚಾಂಪಿಯನ್‌ಶಿಪ್‌ನಿಂದ 2023ರಲ್ಲಿ ಮೊದಲೆರಡು ಸ್ಥಾನಗಳ ಬರ್ನ್ಲಿ ಮತ್ತು ಶೆಫೀಲ್ಡ್ ಯುನೈಟೆಡ್ ನೇರವಾಗಿ ಪ್ರೀಮಿಯರ್ ಲೀಗ್‌ಗೆ ಭಡ್ತಿ ಪಡೆದವು. ಉಳಿದ ಒಂದು ಸ್ಥಾನಕ್ಕಾಗಿ ಮೂರರಿಂದ ಆರನೇ ಸ್ಥಾನದವರೆಗಿನ ನಾಲ್ಕು ತಂಡಗಳು ಪ್ಲೇ-ಆಫ್‌ನಲ್ಲಿ ಸೆಣಸಿದವು.

ಲೀಗ್ ಹಂತದಲ್ಲಿ ಲೂಟನ್ ಟೌನ್ 80 ಅಂಕ, ಕವೆಂಟ್ರಿ ಸಿಟಿ 70 ಅಂಕ ಗಳಿಸಿದ್ದವು. ಆದರೆ ಫೈನಲ್‌ನಲ್ಲಿ ಆ ಹತ್ತು ಅಂಕಗಳ ಅಂತರ ಲೆಕ್ಕಕ್ಕೆ ಬರಲಿಲ್ಲ. ಮೇ 27ರಂದು ವೆಂಬ್ಲಿಯಲ್ಲಿ ಪಂದ್ಯದ ಆರಂಭದಲ್ಲೇ ಲೂಟನ್ ನಾಯಕ ಟಾಮ್ ಲಾಕಿಯರ್ ಕುಸಿದು ಬಿದ್ದು ಆಸ್ಪತ್ರೆ ಸೇರಿದರು. ಎದೆಗುಂದದ ಸಹ ಆಟಗಾರರು 1-1ರ ಸಮಬಲದ ಬಳಿಕ ಪೆನಾಲ್ಟಿಯಲ್ಲಿ 6-5ರಿಂದ ಗೆದ್ದರು.

2014ರವರೆಗೆ ಐದನೇ ದರ್ಜೆಯಲ್ಲಿದ್ದ ಈ ತಂಡ ಪ್ರೀಮಿಯರ್ ಲೀಗ್‌ನಲ್ಲಿ ಉಳಿದದ್ದು ಒಂದೇ ವರ್ಷ. ಆದರೂ ಛಲ ಬಿಡದ ಸಣ್ಣ ಕ್ಲಬ್‌ಗಳಿಗೆ ಅದರ ಏರುದಾರಿ ಮಾದರಿಯಾಗಿದೆ.