ಪಿಕಪ್ಪಿನ ಹಿಂದೆ ಕಟ್ಟುವ ಮನೆ: ಕೊಳ್ಳುವ ಮುನ್ನ ತೂಗಿ ನೋಡಿ

ಬೇಸಗೆಯ ರಜೆಯಲ್ಲಿ ಮಕ್ಕಳನ್ನೂ ಊರಿನಿಂದ ಬಂದ ಹಿರಿಯರನ್ನೂ ಜೊತೆಗೆ ಕರೆದುಕೊಂಡು ರಾಷ್ಟ್ರೀಯ ಉದ್ಯಾನಗಳನ್ನು ನೋಡಿಬರಬೇಕೆಂಬ ಆಸೆ ಅಮೆರಿಕದಲ್ಲಿ ನೆಲೆಸಿರುವ ನಮ್ಮ ಸಮಾಜದ ಅನೇಕ ಗೃಹಸ್ಥರಿಗೆ ಇದೆ. ಆದರೆ ಹೋಟೆಲಿನಿಂದ ಹೋಟೆಲಿಗೆ ಅಲೆಯುವ ಪ್ರವಾಸದಲ್ಲಿ ಎರಡು ತೊಡಕುಗಳುಂಟು. ದಾರಿಯ ಸಣ್ಣ ಊರುಗಳಲ್ಲಿ ಶುದ್ಧ ಸಸ್ಯಾಹಾರ ದೊರೆಯುವುದು ದುರ್ಲಭ. ನಸುಕಿನಲ್ಲಿ ಎದ್ದು ಸ್ನಾನ ಮಾಡಿ ಲಿಂಗಪೂಜೆಗೆ ಕುಳಿತುಕೊಳ್ಳುವ ಹಿರಿಯರಿಗೆ ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಿರುವಾಗ ನೆಮ್ಮದಿಯ ಮೂಲೆಯೊಂದು ಸಿಗುವುದಿಲ್ಲ. ಇಷ್ಟಲಿಂಗವು ಅಂಗದ ಮೇಲೆಯೇ ಇರುವುದರಿಂದ ನಮ್ಮ ಪೂಜೆಗೆ ಗುಡಿಯ ಹಂಗಿಲ್ಲವೆಂಬುದು ನಿಜ. ಆದರೂ ಒಂದು ಅಡುಗೆಯ ಒಲೆ, ಒಂದು ಹಾಸಿಗೆ, ಒಂದು ಸ್ನಾನದ ಮನೆ ನಮ್ಮೊಡನೆಯೇ ಬಂದರೆ ಎಷ್ಟು ಚೆನ್ನ ಎಂದು ಯಾರಿಗಾದರೂ ಅನ್ನಿಸದಿರದು.

ಹಾಗೆ ಜೊತೆಗೆ ಬರುವ ಮನೆಗೆ ಅಲ್ಲಿ ಟ್ರಾವೆಲ್ ಟ್ರೇಲರ್ ಎನ್ನುತ್ತಾರೆ. ಅದಕ್ಕೆ ಸ್ವಂತ ಎಂಜಿನ್ ಇರುವುದಿಲ್ಲ. ಮುಂದಿನ ವಾಹನದ ಕೊಂಡಿಗೆ ಸಿಕ್ಕಿಸಿ ಎಳೆದೊಯ್ಯಬೇಕು. ತಂಗುದಾಣದಲ್ಲಿ ಬಿಚ್ಚಿ ನಿಲ್ಲಿಸಿ ವಾಹನವನ್ನು ಮಾತ್ರ ಊರು ನೋಡಲು ತೆಗೆದುಕೊಂಡು ಹೋಗಬಹುದು. ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಪಟ್ಟಣ ಮತ್ತು ಅದರ ಸುತ್ತಮುತ್ತಲಿನ ಊರುಗಳು ಈ ಉದ್ಯಮಕ್ಕೆ ತವರುಮನೆಯಿದ್ದಂತೆ.

ನಮ್ಮವರಲ್ಲಿ ಅನೇಕರ ಬಳಿ ಈಗ ಮಧ್ಯಮ ಗಾತ್ರದ ಪಿಕಪ್ ಇದೆ. ವಾರದ ದಿನಗಳಲ್ಲಿ ಕಚೇರಿಗೆ, ಶನಿವಾರ ಮನೆಯ ಸಾಮಾನಿಗೆ ಅದೇ ಸಾಕು. ‘ಇದರ ಹಿಂದೆ ಎಂಥ ಟ್ರೇಲರ್ ಕಟ್ಟಬಹುದು?’ ಎಂಬ ಪ್ರಶ್ನೆಯನ್ನು ಕಳೆದ ಕೆಲವು ವರ್ಷಗಳಿಂದ ಬಂಧುಗಳ ಮನೆಗಳಲ್ಲಿ ಪದೇ ಪದೇ ಕೇಳುತ್ತಿದ್ದೇನೆ. ಉತ್ತರಿಸುವ ಅಧಿಕಾರ ನನಗೆ ಬಂದುದು ಪಾಂಡಿತ್ಯದಿಂದಲ್ಲ, ಒಮ್ಮೆ ತಪ್ಪು ಟ್ರೇಲರ್ ಕೊಂಡು ಕಲಿತ ಪಾಠದಿಂದ.

ಜಾಹೀರಾತಿನ ಅಂಕಿ

ಟ್ರೇಲರ್ ಕೊಳ್ಳುವವರು ಮೊದಲು ಕೇಳುವುದು ‘ನನ್ನ ಪಿಕಪ್ ಎಷ್ಟು ಎಳೆಯುತ್ತದೆ?’ ಎಂದು. ತಯಾರಕರು ಹೇಳುವ ಗರಿಷ್ಠ ಮಿತಿ ಟೊಯೊಟಾ ಟಕೋಮಾದ ಇತ್ತೀಚಿನ ಮಾದರಿಗಳಲ್ಲಿ 6,500 ಪೌಂಡ್, ಫೋರ್ಡ್ ರೇಂಜರಿಗೆ 7,500, ಷೆವರ್ಲೆ ಕೊಲರಾಡೊಗೆ 7,700, ಹೋಂಡಾ ರಿಜ್‌ಲೈನಿಗೆ 5,000. ಸಾವಿರ ಪೌಂಡ್ ಎಂದರೆ ಸುಮಾರು 454 ಕಿಲೋ. ಈ ಅಂಕಿಗಳು ಸುಳ್ಳಲ್ಲ. ಆದರೆ ಇವು ಆಯಾ ಹೆಸರಿನ ಗಾಡಿಗಳಲ್ಲಿ ಎಳೆಯಲು ಅತ್ಯಂತ ಅನುಕೂಲವಾಗಿ ಸಜ್ಜಾದ ಮಾದರಿಗೆ ಸೇರಿದವು; ನಮ್ಮ ಮನೆಯ ಮುಂದೆ ನಿಂತಿರುವ ಗಾಡಿಗೇ ಸೇರಿದವು ಎಂದು ಭಾವಿಸಬಾರದು. ಮೇಲಾಗಿ ಈ ಮಿತಿಯನ್ನು ಗೊತ್ತುಪಡಿಸುವ ಪರೀಕ್ಷೆಯ ನಿಯಮದಲ್ಲಿ ಗಾಡಿಯೊಳಗೆ ತಲಾ 150 ಪೌಂಡ್ ತೂಕದ ಇಬ್ಬರು ಮಾತ್ರ ಇರುತ್ತಾರೆ, ಚಾಲಕನೊಬ್ಬ, ಸಹಪ್ರಯಾಣಿಕನೊಬ್ಬ. ಅಜ್ಜಿ, ಇಬ್ಬರು ಮೊಮ್ಮಕ್ಕಳು, ಅವರ ಚೀಲಗಳು ಆ ಲೆಕ್ಕದಲ್ಲಿಲ್ಲ.

ಕುಟುಂಬದೊಡನೆ ಹೋಗುವವರು ನೋಡಬೇಕಾದ ಅಂಕಿ ಬೇರೆಯೇ ಇದೆ. ಚಾಲಕನ ಬಾಗಿಲನ್ನು ತೆರೆದರೆ ಕಂಬದ ಮೇಲೆ ಹಳದಿ ಬಣ್ಣವುಳ್ಳ ಒಂದು ಚೀಟಿ ಅಂಟಿಸಿರುತ್ತದೆ. ಜನರು ಮತ್ತು ಸಾಮಾನುಗಳ ಒಟ್ಟು ತೂಕ ಇಷ್ಟನ್ನು ಮೀರಕೂಡದು ಎಂದು ಅದರಲ್ಲಿ ಬರೆದಿರುತ್ತದೆ. ಗಾಡಿ ತನ್ನ ಬೆನ್ನ ಮೇಲೆ ಹೊರಬಲ್ಲ ಭಾರ ಇದು. ಟ್ರೇಲರ್ ಕೊಂಡಿಯ ಮೇಲೆ ಒತ್ತುವ ಭಾರವೂ ಇದರೊಳಗೇ ಸೇರಬೇಕು. ಒಂದೇ ಹೆಸರಿನ, ಒಂದೇ ವರ್ಷದ ಎರಡು ಗಾಡಿಗಳಲ್ಲಿಯೂ ಈ ಅಂಕಿ ನೂರಾರು ಪೌಂಡ್ ವ್ಯತ್ಯಾಸವಾಗುವುದುಂಟು. ಮೆತ್ತನೆಯ ಆಸನ, ಮಾಡಿನ ಗಾಜು, ನಾಲ್ಕು ಚಕ್ರದ ಚಾಲನೆ ಮುಂತಾದ ಅನುಕೂಲಗಳು ಹೆಚ್ಚಿದಷ್ಟೂ ಗಾಡಿಯ ಸ್ವಂತ ತೂಕ ಹೆಚ್ಚಿ, ಹೊರುವ ಶಕ್ತಿ ಕುಗ್ಗುತ್ತದೆ. ಹೆಚ್ಚು ಹಣ ಕೊಟ್ಟು ಕೊಂಡ ಗಾಡಿ ಕಡಿಮೆ ಹೊರುತ್ತದೆಂಬುದು ನನಗಂತೂ ಬಹಳ ತಡವಾಗಿ ತಿಳಿಯಿತು.

ನಮ್ಮ ಮನೆಯ ಲೆಕ್ಕ

ನಮ್ಮ ಗಾಡಿಯ ಹಳದಿ ಚೀಟಿಯಲ್ಲಿ ಬರೆದಿದ್ದುದು 1,190 ಪೌಂಡ್. ನಾನು 175, ನನ್ನ ಶ್ರೀಮತಿ 140, ಅವ್ವ 125, ಮಗ 95, ಮಗಳು 65, ಅಲ್ಲಿಗೆ 600. ಹಿಂಭಾಗದಲ್ಲಿ ಇಡುವ ಮಂಜುಗಡ್ಡೆಯ ಪೆಟ್ಟಿಗೆ, ಜ್ಯಾಕು, ಸಲಕರಣೆ ಎಲ್ಲ ಸೇರಿ 110. ಟ್ರೇಲರಿನ ಭಾರವನ್ನು ಹಂಚುವ ಕೊಂಡಿ ಮತ್ತು ಅದರ ಕಬ್ಬಿಣದ ತೋಳುಗಳು 90. ಒಟ್ಟು 800 ಕಳೆದರೆ ಉಳಿಯುವುದು 390 ಪೌಂಡ್.

ಸುರಕ್ಷಿತವಾಗಿ ಹಿಂಬಾಲಿಸುವ ಟ್ರೇಲರು ತನ್ನ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟನ್ನು ಕೊಂಡಿಯ ಮೇಲೆ ಹೊರಿಸಬೇಕು. ಶೇಕಡಾ 13 ಎಂದು ಹಿಡಿದರೆ, 390 ಪೌಂಡಿಗೆ ಸರಿಹೊಂದುವ ಟ್ರೇಲರು ಸಾಮಾನು ತುಂಬಿದ ಮೇಲೆ 3,000 ಪೌಂಡ್ ತೂಗಬೇಕು, ಹೆಚ್ಚಲ್ಲ. ಆರು ಸಾವಿರಕ್ಕೂ ಮೇಲ್ಪಟ್ಟು ಎಳೆಯುತ್ತದೆಂದು ನಂಬಿದ್ದ ಗಾಡಿ ನಮ್ಮ ಸಂಸಾರ ಹತ್ತಿ ಕುಳಿತ ಮೇಲೆ ಅದರ ಅರ್ಧಕ್ಕಿಂತಲೂ ಕಡಿಮೆಗೆ ಇಳಿಯಿತು.

ಈ ಲೆಕ್ಕವನ್ನು ಮೊದಲೇ ಮಾಡಿದ್ದರೆ ಈ ಲೇಖನ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ನಾವು ಮಾರಾಟಗಾರರ ಅಂಗಳದಲ್ಲಿ ಒಂದು ಟ್ರೇಲರನ್ನು ಮೆಚ್ಚಿಕೊಂಡೆವು. ಮಕ್ಕಳಿಗೆ ಒಂದರ ಮೇಲೊಂದು ಹಾಸಿಗೆ, ಅವ್ವನಿಗೆ ಕಿಟಕಿಯ ಪಕ್ಕದ ಮಂಚ, ಎರಡು ಉರಿಯ ಒಲೆ. ಪತ್ರಿಕೆಯಲ್ಲಿ ತೂಕ 3,100, ಕೊಂಡಿಯ ಭಾರ 350. ‘ನಿಮ್ಮ ಗಾಡಿಗೆ ಇದು ಹೂವಿನ ಭಾರ’ ಎಂಬ ಭರವಸೆಯೂ ದೊರೆಯಿತು. ಆ 3,100 ಎಂಬುದು ಬರಿದಾದ ಟ್ರೇಲರಿನ ತೂಕ. ಬ್ಯಾಟರಿ ಹಾಕಿ, ಎರಡು ಗ್ಯಾಸ್ ಸಿಲಿಂಡರ್ ತುಂಬಿಸಿ, 30 ಗ್ಯಾಲನ್ ನೀರು ಹಿಡಿದಾಗಲೇ 380 ಪೌಂಡ್ ಏರಿತು; ನೀರೊಂದೇ 250. ಮೇಲೆ ಪಾತ್ರೆ, ಹೊದಿಕೆ, ಕುರ್ಚಿ, ದಿನಸಿ, ಐದು ಜನರ ಬಟ್ಟೆ. ಆದುದರಿಂದ ಟ್ರೇಲರ್ ನೋಡುವಾಗ ಬರಿದಾದ ತೂಕವನ್ನು ಬದಿಗಿಟ್ಟು, ಅದರ ಹೊರಮೈಯ ಚೀಟಿಯಲ್ಲಿ ಕಾಣಿಸಿರುವ ತುಂಬಿದ ಗರಿಷ್ಠ ತೂಕವನ್ನೇ ಲೆಕ್ಕಕ್ಕೆ ಹಿಡಿಯತಕ್ಕದ್ದು. ಕುಟುಂಬಸ್ಥರು ಆ ಮಿತಿಯ ಸಮೀಪಕ್ಕೆ ಹೋಗದೆ ಇರುವುದಿಲ್ಲ.

ಹಿಂಭಾರದ ಬಂಡಿ

ಡೆನ್ವರ್ ಸಮೀಪದ ನಮ್ಮ ಮನೆಯಿಂದ ಯೆಲ್ಲೊಸ್ಟೋನ್ ಉದ್ಯಾನಕ್ಕೆ ಹೊರಟ ದಿನ ಟ್ರೇಲರನ್ನು ಸಿಕ್ಕಿಸಿದೊಡನೆ ಪಿಕಪ್ಪಿನ ಹಿಂಭಾಗ ಕುಸಿದು, ಮೂಗು ಮೇಲಕ್ಕೆದ್ದಿತು. ಮುಂದಿನ ಭಾರವನ್ನು ಹಿಂದಕ್ಕೆ ಸರಿಸಿದರೆ ಸರಿಹೋಗುತ್ತದೆಂದು ಹಿತೈಷಿಯೊಬ್ಬರು ಹೇಳಿದರು. ಅಕ್ಕಿಯ ಚೀಲ, ಜೋಳದ ಹಿಟ್ಟಿನ ಚೀಲ, ಮಕ್ಕಳ ಸೈಕಲ್ಲುಗಳು ಎಲ್ಲವೂ ಟ್ರೇಲರಿನ ಬಾಲಕ್ಕೆ ಹೋದವು. ಪಿಕಪ್ಪು ಸಮತಟ್ಟಾಗಿ ನಿಂತಿತು. ನನಗೆ ಸಮಾಧಾನವಾಯಿತು. ಅವ್ವ ಮಾತ್ರ ಸುತ್ತಲೂ ಒಮ್ಮೆ ನಡೆದು ಬಂದು, ‘ತಮ್ಮಾ, ಚಕ್ಕಡಿ ಹಿಂಭಾರ ಆಗೇತಿ ನೋಡು’ ಎಂದಳು. ನಾನು ನಕ್ಕುಬಿಟ್ಟೆ.

ವಯೋಮಿಂಗ್ ರಾಜ್ಯದ ಲಾರಮಿ ಪಟ್ಟಣ ದಾಟಿದ ಮೇಲೆ 80ನೆಯ ಹೆದ್ದಾರಿಯಲ್ಲಿ ಬೀಸುವ ಅಡ್ಡಗಾಳಿ ಲಾರಿ ಚಾಲಕರಿಗೆ ಪರಿಚಿತವಾದದ್ದು. ಗಂಟೆಗೆ 70 ಮೈಲಿಯ ವೇಗದಲ್ಲಿದ್ದೆ. ದೊಡ್ಡ ಲಾರಿಯೊಂದು ಪಕ್ಕದಿಂದ ಹಾದುಹೋದ ಕ್ಷಣ ಟ್ರೇಲರು ಎಡಕ್ಕೆ ತೂಗಿತು. ಮರುಕ್ಷಣ ಬಲಕ್ಕೆ, ಇನ್ನಷ್ಟು ದೂರ. ಹಿಂದಿನ ಕನ್ನಡಿಯಲ್ಲಿ ಅದು ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಕಾಣಿಸತೊಡಗಿತು. ಪಿಕಪ್ಪನ್ನೂ ಅದು ತನ್ನೊಡನೆ ಎಳೆದಾಡಿತು. ಹಿಂದಿನ ಆಸನದಲ್ಲಿ ಅವ್ವ ಎದೆಯ ಮೇಲಿನ ಕರಡಿಗೆಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದಳು. ಬಾಯಿಂದ ಮಾತು ಬರಲಿಲ್ಲ, ಮಕ್ಕಳೂ ಅಳಲಿಲ್ಲ. ಬ್ರೇಕು ಒತ್ತದೆ ಕಾಲು ತೆಗೆದು, ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಅದುಮಬೇಕೆಂದು ಓದಿದ್ದು ಹೇಗೋ ನೆನಪಾಯಿತು. ಅದುಮಿದೆ. ನಾಲ್ಕಾರು ಬಾರಿ ಹೊಯ್ದಾಡಿ ನಿಧಾನವಾಗಿ ನೆಟ್ಟಗಾಯಿತು. ರಸ್ತೆಯ ಅಂಚಿನಲ್ಲಿ ನಿಂತಾಗ ನನ್ನ ಕೈಗಳು ನಡುಗುತ್ತಿದ್ದವು.

ಮುಂದೆ ರಾಲಿನ್ಸ್ ಪಟ್ಟಣದವರೆಗೆ ಮೆಲ್ಲಗೆ ಸಾಗಿ, ಲಾರಿಗಳು ತಂಗುವಲ್ಲಿನ ವೇಬ್ರಿಜ್ ಮೇಲೆ ತೂಗಿಸಿದೆವು. ಒಮ್ಮೆ ಸಿಕ್ಕಿಸಿಕೊಂಡು, ಒಮ್ಮೆ ಬಿಚ್ಚಿ. ಟ್ರೇಲರು 4,100 ಪೌಂಡ್ ಸಮೀಪವಿತ್ತು. ಕೊಂಡಿಯ ಮೇಲಿನ ಭಾರ 290, ಅಂದರೆ ಶೇಕಡಾ 7 ಮಾತ್ರ. ಸರಿಯಾದ ಶೇಕಡಾ 13ನ್ನು ಇಟ್ಟಿದ್ದರೆ 530 ಪೌಂಡ್ ಆಗಿ ಪಿಕಪ್ಪಿನ ಮಿತಿ 140 ಪೌಂಡ್ ಮೀರುತ್ತಿತ್ತು. ಗಾಡಿಗೆ ಹೊರೆ ಇಳಿಸಲು ಹೋದರೆ ಟ್ರೇಲರಿಗೆ ಸ್ಥಿರತೆ ಇಲ್ಲ. ಟ್ರೇಲರನ್ನು ಸ್ಥಿರಗೊಳಿಸಲು ಹೋದರೆ ಗಾಡಿಗೆ ತಡೆಯದು. ಆ ಜೋಡಿಗೆ ಸರಿಯಾದ ನೆಲೆಯೇ ಇರಲಿಲ್ಲ.

ಅವ್ವ ಹೇಳಿದ್ದು ಇದನ್ನೇ. ಮುಂಭಾರವಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ, ಹಿಂಭಾರವಾದರೆ ನೊಗ ಮೇಲಕ್ಕೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಬಂಡಿ ಹಾದಿ ಹಿಡಿಯುವುದಿಲ್ಲ. ಹೊಲದಿಂದ ಕಣಕ್ಕೆ ಜೋಳದ ಸಿವುಡು ಹೇರಿದವರಿಗೆಲ್ಲ ಇದು ಗೊತ್ತು. ಭಾರವನ್ನು ಹಂಚುವ ಕೊಂಡಿ ಹಾಕಿದ್ದೆವಲ್ಲ ಎಂದು ಕೆಲವರು ಕೇಳಬಹುದು. ಅದು ಹಿಂದಿನ ಅಚ್ಚಿನ ಭಾರವನ್ನು ಸ್ವಲ್ಪ ಮುಂದಿನ ಅಚ್ಚಿಗೂ ಟ್ರೇಲರಿನ ಅಚ್ಚಿಗೂ ಸಾಗಿಸುತ್ತದೆ, ಚುಕ್ಕಾಣಿ ಹಗುರಾಗದಂತೆ ನೋಡಿಕೊಳ್ಳುತ್ತದೆ. ಆದರೆ ಹಳದಿ ಚೀಟಿಯ ಮಿತಿಯನ್ನು ಅದು ಒಂದು ಪೌಂಡೂ ಹೆಚ್ಚಿಸಲಾರದು.

ಎರಡನೆಯ ಆಯ್ಕೆ

ಆ ಟ್ರೇಲರನ್ನು ಅದೇ ವರ್ಷ ನಷ್ಟಕ್ಕೆ ಮಾರಿದೆವು. ಮುಂದಿದ್ದ ದಾರಿಗಳು ಮೂರು. ದೊಡ್ಡ ಪಿಕಪ್ ಕೊಳ್ಳುವುದು, ಬಟ್ಟೆಯ ಗೋಡೆಗಳುಳ್ಳ ಮಡಚುವ ಟ್ರೇಲರ್ ಕೊಳ್ಳುವುದು, ಚಿಕ್ಕದಕ್ಕೆ ಒಗ್ಗಿಕೊಳ್ಳುವುದು. ಮಕ್ಕಳು ಬೆಳೆದು ದೊಡ್ಡವರಾಗಿರುವ ಐದಾರು ಜನರ ಮನೆಗೆ ಮೊದಲನೆಯದೇ ಯೋಗ್ಯವೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಮಧ್ಯಮ ಗಾಡಿಯನ್ನೇ ಹೊಸದಾಗಿ ಕೊಳ್ಳುವವರಾದರೆ ಅಂಗಳದಲ್ಲಿ ನಿಂತ ಪ್ರತಿಯೊಂದು ಗಾಡಿಯ ಬಾಗಿಲು ತೆರೆದು ಚೀಟಿ ಓದಿ. 1,500 ಪೌಂಡಿನ ಗಾಡಿ ಸಿಕ್ಕರೆ ನಮ್ಮಂಥ ಸಂಸಾರಕ್ಕೇ 5,000 ಪೌಂಡಿನ ಟ್ರೇಲರಿಗೂ ಅವಕಾಶವಾಗುತ್ತದೆ. ಬಟ್ಟೆಯ ಗೋಡೆ ಬೆಟ್ಟದ ಚಳಿಯಲ್ಲಿ ಅವ್ವನಿಗೆ ಒಗ್ಗದೆಂದು ಅದನ್ನು ಬಿಟ್ಟೆವು.

ಕೊನೆಗೆ ಕೊಂಡದ್ದು ಫೈಬರ್‌ಗ್ಲಾಸ್ ಚಿಪ್ಪಿನ, 16 ಅಡಿಯ, ಬಳಸಿದ ಟ್ರೇಲರು. ಮಿನೆಸೋಟಾದ ಬ್ಯಾಕಸ್ ಊರಿನ ಸ್ಕ್ಯಾಂಪ್, ಟೆಕ್ಸಾಸಿನ ಕಸೀಟಾ ಈ ಬಗೆಗೆ ಹೆಸರಾದವು. ಮೊಟ್ಟೆಯಂತೆ ಎರಡು ಅರ್ಧಗಳನ್ನು ಕೂಡಿಸಿ ಮಾಡಿರುವುದರಿಂದ ಮಾಡಿನಲ್ಲಿ ಕೀಲುಗಳು ಕಡಿಮೆ, ಸೋರುವ ಭಯವೂ ಕಡಿಮೆ. ಬೇರೆ ಬಗೆಯ ಬಳಸಿದ ಟ್ರೇಲರನ್ನು ನೋಡುವವರು ಮೂಲೆಗಳ ಗೋಡೆಯನ್ನು ಬೆರಳಿನಿಂದ ಒತ್ತಿ, ನೆಲವನ್ನು ತುಳಿದು ನೋಡಬೇಕು. ಮೆತ್ತಗೆ ತಗ್ಗಿದರೆ ಒಳಗಿನ ಮರ ಕೊಳೆತಿದೆ ಎಂದೇ ಅರ್ಥ. ಬೆಲೆ ಎಷ್ಟೇ ಇಳಿಸಿದರೂ ಹಿಂದಿರುಗಿ ಬರುವುದು ಲೇಸು. ಟಯರಿನ ಬದಿಯಲ್ಲಿ ತಯಾರಾದ ವಾರ ಮತ್ತು ವರ್ಷವನ್ನು ನಾಲ್ಕು ಅಂಕಿಗಳಲ್ಲಿ ಒತ್ತಿರುತ್ತಾರೆ. ಐದಾರು ವರ್ಷ ಮೀರಿದ್ದರೆ, ಹೊಳೆಯುತ್ತಿದ್ದರೂ ಬದಲಾಯಿಸಿ. ಟ್ರೇಲರಿನ ಟಯರುಗಳಲ್ಲಿ ಅನೇಕವು ಗಂಟೆಗೆ 65 ಮೈಲಿಗೆ ಮಾತ್ರ ತಕ್ಕವು. ಕ್ಯಾಲಿಫೋರ್ನಿಯಾದಲ್ಲಂತೂ ಟ್ರೇಲರ್ ಎಳೆಯುವವರಿಗೆ 55 ಮೈಲಿಯೇ ಮಿತಿ.

ಇದರಲ್ಲಿ ಶೌಚ-ಸ್ನಾನದ ಪುಟ್ಟ ಕೋಣೆ ಇದೆ. ಹಿರಿಯರು ರಾತ್ರಿ ಕತ್ತಲೆಯಲ್ಲಿ ಹೊರಗೆ ನಡೆಯಬೇಕಾಗಿಲ್ಲವೆಂಬ ಕಾರಣಕ್ಕೆ ಇದೊಂದನ್ನು ನಾವು ಬಿಟ್ಟುಕೊಡಲಿಲ್ಲ. ಮಕ್ಕಳ ಹಾಸಿಗೆಗೆ ಜಾಗ ಸಾಲದು. ಅವರಿಬ್ಬರೂ ಹೊರಗೆ ಡೇರೆಯಲ್ಲಿ ಮಲಗುತ್ತಾರೆ, ಕರಡಿಗಳಿರುವ ಕಡೆ ಡೇರೆಗೆ ಅನುಮತಿ ಇಲ್ಲದಿದ್ದರೆ ಒಳಗೇ ನೆಲದ ಮೇಲೆ. ನೀರನ್ನು ತಂಗುದಾಣ ತಲುಪಿದ ಮೇಲೆ ತುಂಬುತ್ತೇವೆ. ಹಿಟ್ಟಿನ ಚೀಲದ ಬದಲು ಕಟಕ ರೊಟ್ಟಿಯ ಡಬ್ಬಿ ಬರುತ್ತದೆ. ನೂರು ರೊಟ್ಟಿ ತೂಗಿದರೂ ಚೀಲದ ಕಾಲುಭಾಗವಾಗದು. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಒಂದು ಸಣ್ಣ ಕುಕ್ಕರು. ಎಲ್ಲವನ್ನೂ ತುಂಬಿ ವೇಬ್ರಿಜ್ ಮೇಲೆ ನಿಲ್ಲಿಸಿದಾಗ 2,900 ಬಂದಿತು, ಕೊಂಡಿಯ ಮೇಲೆ 375.

ಕಳೆದ ಬೇಸಗೆಯಲ್ಲಿ 70ನೆಯ ಹೆದ್ದಾರಿಯ ಐಸೆನ್‌ಹೋವರ್ ಸುರಂಗವನ್ನು ಇದರೊಡನೆ ದಾಟಿದೆವು. ಸಮುದ್ರಮಟ್ಟದಿಂದ 11,000 ಅಡಿಗೂ ಮೇಲೆ ಗಾಳಿ ತೆಳುವಾಗಿ, ಟರ್ಬೊ ಇಲ್ಲದ ಎಂಜಿನ್ನುಗಳು ಸುಮಾರು ಮೂರರಲ್ಲೊಂದು ಭಾಗ ಶಕ್ತಿ ಕಳೆದುಕೊಳ್ಳುತ್ತವೆ. ಬಲಬದಿಯ ಸಾಲಿನಲ್ಲಿ ಲಾರಿಗಳ ಹಿಂದೆ ಏರಿ, ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಹಾಕಿ, ಬ್ರೇಕನ್ನು ಆಗಾಗ ಮಾತ್ರ ಮುಟ್ಟುತ್ತ ಇಳಿದೆ. ಕನ್ನಡಿಯಲ್ಲಿ ಟ್ರೇಲರು ಇದ್ದಲ್ಲೇ ಇತ್ತು. ಅವ್ವ ಹಿಂದಿನ ಆಸನದಲ್ಲಿ ನಿದ್ದೆ ಹೋಗಿದ್ದಳು.