ಅಣ್ಣನ ಕಂಪ್ಯೂಟರು ತಮ್ಮನ ಕಂಪ್ಯೂಟರಿಗೆ ಕಾಣಿಸ್ತಿಲ್ಲ!

ದಾವಣಗೆರೆ: ಮಂಡಿಪೇಟೆ ಕಡೆ ಒಂದು ಜವಳಿ ಅಂಗಡಿ. ಕೆಳಗೆ ವ್ಯಾಪಾರ, ಮೇಲೆ ಮನೆ. ಅಣ್ಣ ಗಲ್ಲಾಪೆಟ್ಟಿಗೆ ಮುಂದೆ ಕೂರುತ್ತಾರೆ, ತಮ್ಮ ಮೇಲೆ ಕೂತು ಲೆಕ್ಕ ಬರೀತಾರೆ. ಪೇಟೆಗೆಲ್ಲ ಗೊತ್ತಿರುವ ಜೋಡಿ. ಈ ಜೋಡಿ ಹೋದ ಹಬ್ಬ ಮುಗಿದ ಮೇಲೆ ಹನ್ನೊಂದು ದಿನ ಒಬ್ಬರ ಮುಖ ಒಬ್ಬರು ನೋಡಲಿಲ್ಲ ಅಂದರೆ ನಂಬುತ್ತೀರಾ? ಕಾರಣ ಕೇಳಿದರೆ ನಗುತ್ತೀರಿ. ಕೆಳಗಿನ ಕಂಪ್ಯೂಟರು ಮೇಲಿನ ಕಂಪ್ಯೂಟರಿಗೆ ಕಾಣಿಸುತ್ತಿರಲಿಲ್ಲ!

ನಾನೂ ಮೊದಲು ನಕ್ಕೆ. ಅಂಗಡಿ ಕಟ್ಟೆ ಮೇಲೆ ಅರ್ಧ ಗಂಟೆ ಕೂತ ಮೇಲೆ ನಗು ನಿಂತಿತು.

ಇವರ ತಂದೆಯ ಕಾಲದಲ್ಲಿ ಕೆಂಪು ಬಟ್ಟೆ ಹೊದಿಸಿದ ಖಾತೆ ಪುಸ್ತಕ ಒಂದೇ ಇತ್ತು. ಮನೆಯವರು ಯಾರು ಬೇಕಾದರೂ ಬಿಚ್ಚಿ ನೋಡಬಹುದಿತ್ತು. ಈಗ ಬಿಲ್ಲು, ಉದ್ರಿ, ಸ್ಟಾಕು ಎಲ್ಲಾ ಕೆಳಗಿನ ಕಂಪ್ಯೂಟರಿನೊಳಗೆ. ಅದರಲ್ಲಿ 'ಲೆಕ್ಕ' ಅಂತ ಒಂದು ಫೋಲ್ಡರ್. ಅದನ್ನು ನೆಟ್‌ವರ್ಕಿನಲ್ಲಿ ಶೇರ್ ಮಾಡಿಟ್ಟು ತಮ್ಮ ಮೇಲಿನಿಂದಲೇ ತೆಗೆದು ಜಿಎಸ್‌ಟಿ ಲೆಕ್ಕ ಮಾಡುತ್ತಿದ್ದರು. ಒಂದು ಸೋಮವಾರ ಬೆಳಗ್ಗೆ 'ನೆಟ್‌ವರ್ಕ್' ಅಂತ ಒತ್ತಿದರೆ ಪಟ್ಟಿ ಖಾಲಿ. ಅಂಗಡಿ ಕಂಪ್ಯೂಟರಿನ ಹೆಸರೇ ಮಾಯ.

ತಮ್ಮ ಅಂದುಕೊಂಡರು, ಅಣ್ಣ ಏನೋ ಮುಚ್ಚಿಡೋಕೆ ವೈರು ಕಿತ್ತಿದಾನೆ. ಅತ್ತ ಗುಮಾಸ್ತ ಅಣ್ಣನ ಕಿವಿಯಲ್ಲಿ ಊದಿದ: "ಸಾವ್ಕಾರ್ರೇ, ಸಣ್ಣ ಸಾವ್ಕಾರ್ರು ಪಾಸ್‌ವರ್ಡ್ ಹಾಕಿ ಲಾಕ್ ಮಾಡಿದಾರೆ ಅನ್ಸುತ್ತೆ." ಇಬ್ಬರೂ ಬಾಯಿಬಿಟ್ಟು ಕೇಳಲಿಲ್ಲ. ಹದಿನಾಲ್ಕು ಮೆಟ್ಟಿಲು ಇಳಿದು ಬಂದು ನೋಡಿದ್ದರೆ ಮುಗಿಯುತ್ತಿತ್ತು, ಇಳಿಯಲಿಲ್ಲ. ಮಕ್ಕಳ ಕೈಲಿ ಚೀಟಿ ಕಳಿಸಿ ವ್ಯವಹಾರ ನಡೆಯಿತು. ಇತ್ತ 20ನೇ ತಾರೀಖು ಹತ್ತಿರ ಬರುತ್ತಿದೆ. ಜಿಎಸ್‌ಟಿಆರ್-3ಬಿ ತಡವಾದರೆ ದಿನಕ್ಕೆ 50 ರೂಪಾಯಿ, ಬಾಕಿ ತೆರಿಗೆಗೆ ವರ್ಷಕ್ಕೆ ಶೇ. 18ರ ಬಡ್ಡಿ. ವ್ಯಾಪಾರಸ್ಥರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಎಂಟುನೂರು ರೂಪಾಯಿ ರಿಪೇರಿ

ಅಣ್ಣ ಒಬ್ಬ ಹುಡುಗನನ್ನು ಕರೆಸಿದರು. ಬಂದವನು ಕೂತಿದ್ದೇ ತಡ ಪಟಪಟ ಒತ್ತಿದ. ಮೊದಲು ಎರಡೂ ಕಂಪ್ಯೂಟರಿನ ಫೈರ್‌ವಾಲ್ ತೆಗೆದು ಹಾಕಿದ. ಆಮೇಲೆ ಎಲ್ಲೋ ಹುಡುಕಿ 'ಎಸ್‌ಎಂಬಿ 1' ಅನ್ನುವ ಹಳೇ ಸಾಮಾನನ್ನು ಚಾಲೂ ಮಾಡಿದ. ಆದರೂ ಕಾಣಲಿಲ್ಲ. "ಮೆಷಿನ್ ಹಳೇದಾಗಿದೆ ಸಾರ್, ಹೊಸದು ತಗೊಳ್ಳಿ" ಅಂದು 800 ರೂಪಾಯಿ ಜೇಬಿಗಿಳಿಸಿ ಹೋದ. ಈ ಹುಡುಗನ ಕಡೆಗೆ ಮತ್ತೆ ಬರುತ್ತೇನೆ. ಅವನು ರಿಪೇರಿ ಮಾಡದೆ ಹೋದದ್ದು ದೊಡ್ಡ ಮಾತಲ್ಲ, ಏನು ತೆರೆದಿಟ್ಟು ಹೋದ ಅನ್ನುವುದು ದೊಡ್ಡ ಮಾತು.

ಕೊನೆಗೆ ದಾರಿ ತೋರಿಸಿದವರು ಟವೆಲ್ ಕೊಳ್ಳಲು ಬಂದ ಒಬ್ಬ ಹಿರಿಯ ಗಿರಾಕಿ. ಟೆಲಿಫೋನ್ ಖಾತೆಯಲ್ಲಿ ಕಂಬ ಹತ್ತಿ ಇಳಿದು ನಿವೃತ್ತರಾದವರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಅವರು ಕಂಪ್ಯೂಟರು ಮುಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿದರು: "ಈ ಮನೆಗೆ ಹೊಸದಾಗಿ ಏನು ಬಂತು?"

ಬಂದಿತ್ತು. ಹಬ್ಬದಲ್ಲಿ ತಮ್ಮ ಒಂದು ಹೊಸ ಲ್ಯಾಪ್‌ಟಾಪ್ ತಂದಿದ್ದರು. ಮಹಡಿ ಮೇಲೆ ವೈಫೈ ಸರಿಯಾಗಿ ಸಿಗೋದಿಲ್ಲ ಅಂತ ಇನ್ನೊಂದು ರೂಟರ್ ಡಬ್ಬಿಯನ್ನೂ ತಂದು, ಕೆಳಗಿನ ಡಬ್ಬಿಯಿಂದ ಒಂದು ವೈರು ಎಳೆದು ಸಿಕ್ಕಿಸಿದ್ದರು. ಎರಡು ಕಡೆಯೂ ನೆಟ್ ಚೆನ್ನಾಗಿ ಓಡುತ್ತಿತ್ತು. ಯೂಟ್ಯೂಬ್ ಬರುತ್ತಿದೆ ಅಂದ ಮೇಲೆ ಲೈನು ಸರಿ ಇದೆ ಅಂತಲೇ ಎಲ್ಲರೂ ತಿಳಿದರು. ಎಡವಟ್ಟು ಆಗಿದ್ದು ಇಲ್ಲೇ. ಇಂಟರ್‌ನೆಟ್ ಬರುವುದು ಬೇರೆ, ಮನೆಯೊಳಗಿನ ಎರಡು ಯಂತ್ರ ಒಂದನ್ನೊಂದು ಕಾಣುವುದು ಬೇರೆ.

ಒಂದೇ ಮನೆ, ಎರಡು ಊರು

ಹಿರಿಯರು ಎರಡೂ ಕಂಪ್ಯೂಟರಿನಲ್ಲಿ ಕರೀ ಕಿಟಕಿ ತೆರೆದು 'ಐಪಿಕಾನ್ಫಿಗ್' ಅಂತ ಹೊಡೆದರು. ಕೆಳಗಿನದು ತನ್ನ ನಂಬರು 192.168.1.5 ಅಂತು. ಮೇಲಿನದು 192.168.0.7 ಅಂತು. ಪಿಯುಸಿ ಅರ್ಧಕ್ಕೆ ಬಿಟ್ಟ ಈ ವರದಿಗಾರನಿಗೆ ಎರಡೂ ಒಂದೇ ತರ ಕಂಡವು. ಅವರು ಬೆರಳಿಟ್ಟು ತೋರಿಸಿದರು. ಮೊದಲ ಮೂರು ತುಂಡು ಊರಿನ ಹೆಸರು ಇದ್ದ ಹಾಗೆ, ಕೊನೆಯದು ಮನೆ ನಂಬರು ಇದ್ದ ಹಾಗೆ. ಮನೆಗಳಲ್ಲಿ ಸಾಮಾನ್ಯವಾಗಿ ಹೀಗೇ ಲೆಕ್ಕ. ಮೂರನೇ ತುಂಡು ಕೆಳಗೆ 1, ಮೇಲೆ 0. ಅಂದರೆ ಒಂದೇ ಮನೆಯಲ್ಲಿ ಎರಡು ಊರು ಹುಟ್ಟಿಕೊಂಡಿವೆ!

ಹೊಸ ಡಬ್ಬಿ ತಾನೇ ಒಂದು ಪಾಳೇಗಾರಿಕೆ ಕಟ್ಟಿಕೊಂಡು ತನ್ನ ಕೆಳಗಿನವರಿಗೆ ತಾನೇ ನಂಬರು ಹಂಚುತ್ತಿತ್ತು. ಕಂಪ್ಯೂಟರುಗಳು "ಇಲ್ಲಿ ಯಾರ್ಯಾರಿದ್ದೀರಪ್ಪಾ?" ಅಂತ ಕೂಗುವುದು ತಮ್ಮ ಊರಿನೊಳಗೆ ಮಾತ್ರ. ಆ ಕೂಗು ರೂಟರಿನ ಗಡಿ ದಾಟುವುದಿಲ್ಲ. ನಂಬರು ಗೊತ್ತಿದ್ದರೆ ಮೇಲಿನಿಂದ ಕೆಳಕ್ಕೆ ಒಂದು ದಾರಿ ಇರುತ್ತದೆ, ಕೆಳಗಿನಿಂದ ಮೇಲಕ್ಕೆ ಅದೂ ಇಲ್ಲ.

ಮದ್ದು ಸುಲಭ. ಹೊಸ ಡಬ್ಬಿಯ ಸೆಟ್ಟಿಂಗಿನೊಳಗೆ ಹೋಗಿ 'ಆಕ್ಸೆಸ್ ಪಾಯಿಂಟ್' ಅನ್ನುವುದನ್ನು ಆರಿಸಿದರು. ಅಲ್ಲಿಗೆ ಅದರ ಪಾಳೇಗಾರಿಕೆ ಮುಗಿಯಿತು, ಸುಮ್ಮನೆ ವೈಫೈ ಬಿಡುವ ಕಂಬ ಆಯಿತು. ಹಳೇ ನಮೂನೆಯ ಡಬ್ಬಿಗಳಲ್ಲಿ ಈ ಆಯ್ಕೆ ಇಲ್ಲದಿದ್ದರೆ ಅದರ ಡಿಎಚ್‌ಸಿಪಿ ಆಫ್ ಮಾಡಿ, ಡಬ್ಬಿಗೆ ಕೆಳಗಿನ ಊರಿನದೇ ಒಂದು ಬೇರೆ ನಂಬರು ಕೊಟ್ಟು, ವೈರನ್ನು 'ವ್ಯಾನ್' ತೂತಿನಿಂದ ಕಿತ್ತು 'ಲ್ಯಾನ್' ತೂತಿಗೆ ಹಾಕಬೇಕಂತೆ. ಲ್ಯಾಪ್‌ಟಾಪಿನ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿದರು. ಅದರ ನಂಬರೂ 192.168.1ರ ಊರಿಗೆ ಬಂತು.

ಅಣ್ಣ ಗಲ್ಲಾ ಬಿಟ್ಟು ಎದ್ದು ಬಂದು ಇಣುಕಿದರು. "ಬಂತೇನ್ರೀ?" ಇನ್ನೂ ಇಲ್ಲ.

ಬಸ್‌ಸ್ಟ್ಯಾಂಡಿನ ಬುದ್ಧಿ

ಹಿರಿಯರು ಮೇಲಿನಿಂದ ಕೆಳಗಿನ ನಂಬರಿಗೆ 'ಪಿಂಗ್' ಹೊಡೆದರು. ಅಂದರೆ ಫೋನ್ ಮಾಡಿ ರಿಂಗ್ ಆಗುತ್ತಾ ಅಂತ ನೋಡಿದ ಹಾಗೆ. ರಿಂಗ್ ಆಯಿತು. "ಅದೇ ನನಗೆ ಅನುಮಾನ" ಅಂದರು! ಆ ಹುಡುಗ ಫೈರ್‌ವಾಲ್ ತೆಗೆದಿದ್ದನಲ್ಲ, ಅದನ್ನು ಮೊದಲು ವಾಪಸ್ ಹಾಕಿಸಿದರು. ಈಗ ರಿಂಗ್ ನಿಂತಿತು. ಲೈನು ಸರಿ ಇದೆ, ಫೋನ್ ಎತ್ತುತ್ತಿಲ್ಲ ಅಂತ ಖಾತ್ರಿಯಾಯಿತು.

ಏಕೆ ಎತ್ತುತ್ತಿಲ್ಲ? ವಿಂಡೋಸ್ ಪ್ರತಿ ನೆಟ್‌ವರ್ಕಿಗೂ ಒಂದು ಹಣೆಪಟ್ಟಿ ಅಂಟಿಸುತ್ತದೆ: 'ಪಬ್ಲಿಕ್' ಅಥವಾ 'ಪ್ರೈವೇಟ್'. ಹರಿಹರದ ಬಸ್ಸಿನಲ್ಲಿ ನಿಂತು ಇದನ್ನು ಓದುತ್ತಿರುವವರಿಗೆ ಬೇಗ ತಿಳಿಯುತ್ತೆ. ಬಸ್‌ಸ್ಟ್ಯಾಂಡಿನಲ್ಲಿ ಜೇಬಿನ ಮೇಲೆ ಕೈ ಇಟ್ಟುಕೊಂಡು, ಪಕ್ಕದವನು ಹೆಸರು ಕೇಳಿದರೂ ಹೇಳದೆ ನಿಲ್ಲುತ್ತೀರಲ್ಲ, ಅದು ಪಬ್ಲಿಕ್. ಮನೆಗೆ ಬಂದು ಅಂಗಿ ಬಿಚ್ಚಿ ಮೊಳೆಗೆ ಹಾಕುತ್ತೀರಲ್ಲ, ಅದು ಪ್ರೈವೇಟ್. ಹೊಸ ನೆಟ್‌ವರ್ಕ್ ಕಂಡರೆ ಈಗಿನ ವಿಂಡೋಸ್ ಮೊದಲಿಗೆ ಪಬ್ಲಿಕ್ ಅಂತಲೇ ತಿಳಿಯುತ್ತೆ. ಡಬ್ಬಿ ಬದಲಾದಾಗ, ವೈಫೈ ಹೆಸರು ಬದಲಾದಾಗ ಅನೇಕರ ಮನೆಯಲ್ಲಿ ಆಗುವುದು ಇದೇ. ಅಂಗಡಿ ಕಂಪ್ಯೂಟರು ತಂದೆ ಕಟ್ಟಿಸಿದ ಅಂಗಡಿಯಲ್ಲೇ ಬಸ್‌ಸ್ಟ್ಯಾಂಡಿನ ಬುದ್ಧಿ ಇಟ್ಟುಕೊಂಡು ಕೂತಿತ್ತು.

ಸೆಟ್ಟಿಂಗ್ಸಿನಲ್ಲಿ ನೆಟ್‌ವರ್ಕಿನ ಪ್ರಾಪರ್ಟೀಸ್ ತೆರೆದು ಎರಡೂ ಕಡೆ ಪ್ರೈವೇಟ್ ಮಾಡಿದರು. ಪಕ್ಕದಲ್ಲೇ 'ನೆಟ್‌ವರ್ಕ್ ಡಿಸ್ಕವರಿ', 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್' ಅಂತ ಎರಡು ಸ್ವಿಚ್ಚು, ಅವನ್ನೂ ಹಾಕಿದರು. ಈಗ ಫೈರ್‌ವಾಲ್ ಇದ್ದುಕೊಂಡೇ ರಿಂಗ್ ಆಯಿತು. ಹೊರಗಿನಿಂದ ಕೊಂಡ ಆಂಟಿವೈರಸ್ ಇದ್ದರೆ ಅದಕ್ಕೂ ತನ್ನದೇ ಒಂದು ಫೈರ್‌ವಾಲ್ ಇರಬಹುದು, ಅದಕ್ಕೂ ಇದು ಮನೆ ಅಂತ ಹೇಳಬೇಕು. ಇಲ್ಲಿ ಅದು ಇರಲಿಲ್ಲ.

ಆದರೂ ಪಟ್ಟಿಯಲ್ಲಿ ಹೆಸರಿಲ್ಲ! ಅಣ್ಣನಿಗೆ ತಾಳ್ಮೆ ತಪ್ಪಿತು. ಹಿರಿಯರು ನಕ್ಕು, "ಡೈರೆಕ್ಟರಿಯಲ್ಲಿ ಹೆಸರು ಇಲ್ಲ ಅಂದ್ರೆ ಫೋನೇ ಇಲ್ಲ ಅಂತ ಅರ್ಥ ಏನ್ರೀ ಸಾವ್ಕಾರ್ರೇ? ನಂಬರು ಹಚ್ಚಿ ನೋಡಾಣ" ಅಂದರು. ಫೈಲ್ ಕಿಟಕಿಯ ಮೇಲಿನ ಪಟ್ಟಿಯಲ್ಲಿ ಎಡಕ್ಕೆ ವಾಲಿದ ಎರಡು ಓರೆಗೀಟು ಹಾಕಿ ಅಂಗಡಿಯ ನಂಬರು ಹೊಡೆದರು. ಕದ ಬಂತು! ಹೆಸರು ಮತ್ತು ಪಾಸ್‌ವರ್ಡ್ ಕೇಳಿತು.

ಈ ಒಂದು ಪರೀಕ್ಷೆ ನೆನಪಿಟ್ಟುಕೊಳ್ಳಿ. ನಂಬರಿಗೆ ಬಂದರೆ ಲೈನಿನ ತಪ್ಪಲ್ಲ, ಡೈರೆಕ್ಟರಿಯ ತಪ್ಪು. ಡೈರೆಕ್ಟರಿ ಬರೆಯುವ ಗುಮಾಸ್ತನ ಹೆಸರು 'ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್' (ಇಷ್ಟುದ್ದದ ಹೆಸರು ಇಡಬೇಕಾಗಿತ್ತೇ ಮಾರಾಯರೇ!). ಕೆಳಗಿನ ಕಂಪ್ಯೂಟರಿನ ಸರ್ವೀಸಸ್ ಪಟ್ಟಿಯಲ್ಲಿ ಅವನು ಮಲಗಿದ್ದ. ಎಬ್ಬಿಸಿ 'ಆಟೋಮ್ಯಾಟಿಕ್' ಅಂತ ಮಾಡಿದರು.

ಬೀಗ ಹಾಕಿದವರು ಯಾರು?

ಇನ್ನು ಪಾಸ್‌ವರ್ಡ್. ಗುಮಾಸ್ತ ಅನುಮಾನ ಹಚ್ಚಿದ್ದು ಇದರ ಮೇಲೆ. ಎಲ್ಲರೂ ತಮ್ಮನ ಮುಖ ನೋಡಿದರು. ತಮ್ಮ ಕೆಂಪಗಾಗಿ, "ನಾನು ಯಾವ ಪಾಸ್‌ವರ್ಡೂ ಹಾಕಿಲ್ಲಣ್ಣಾ, ಅಪ್ಪಾಜಿ ಆಣೆ" ಅಂದರು. ಹನ್ನೊಂದು ದಿನದಲ್ಲಿ ಅಣ್ಣನಿಗೆ ಆಡಿದ ಮೊದಲ ಮಾತು.

ಅವರು ಹೇಳಿದ್ದು ನಿಜ. ತಮಾಷೆ ಅಂದರೆ ಅಂಗಡಿ ಕಂಪ್ಯೂಟರಿಗೆ ಪಾಸ್‌ವರ್ಡೇ ಇರಲಿಲ್ಲ! ಪಾಸ್‌ವರ್ಡ್ ಇಲ್ಲದ ಖಾತೆಯ ಹೆಸರು ಹೇಳಿಕೊಂಡು ನೆಟ್‌ವರ್ಕಿನಿಂದ ಒಳಗೆ ಬರುವುದನ್ನು ವಿಂಡೋಸ್ ಮಾಮೂಲಾಗಿ ಬಿಡುವುದಿಲ್ಲ. ಹಾಗಾದರೆ ಮೊದಲು ಹೇಗೆ ನಡೆಯುತ್ತಿತ್ತು? ಹಳೇ ಲ್ಯಾಪ್‌ಟಾಪ್ ಹೆಸರು ಹೇಳದೆ 'ಅತಿಥಿ' ಅಂತ ಒಳಗೆ ಹೋಗುತ್ತಿತ್ತು. ಹೊಸ ಲ್ಯಾಪ್‌ಟಾಪಿನಲ್ಲಿ ಇದ್ದದ್ದು 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿ, ಪ್ರೊ ನಮೂನೆ. ಅದು ಹಾಗೆ ಅತಿಥಿಯಾಗಿ ಹೋಗಲು ತಾನೇ ಒಪ್ಪುವುದಿಲ್ಲ. ಲ್ಯಾಪ್‌ಟಾಪ್ ತೆರೆಯುವ ನಾಲ್ಕಂಕಿ ಪಿನ್ ಹೊಡೆದರೂ ನಡೆಯಲಿಲ್ಲ. ಪಿನ್ ಆ ಯಂತ್ರದ ಮುಂದೆ ಕೂತವನಿಗೆ ಮಾತ್ರ, ವೈರಿನಲ್ಲಿ ಹೋಗುವವನಿಗೆ ಪಾಸ್‌ವರ್ಡೇ ಬೇಕು. ಇದು ಗೊತ್ತಿಲ್ಲದೆ ಎಷ್ಟು ಅಂಗಡಿಯಲ್ಲಿ ಎಷ್ಟು ಜನ ಪಿನ್ ಹೊಡೆದು ಹೊಡೆದು ಸುಸ್ತಾಗಿದ್ದಾರೋ!

ಹಿರಿಯರು ಕೆಳಗಿನ ಕಂಪ್ಯೂಟರಿನಲ್ಲಿ ತಮ್ಮನ ಹೆಸರಿಗೇ ಒಂದು ಬೇರೆ ಖಾತೆ ತೆರೆದು, ಉದ್ದನೆಯ ಪಾಸ್‌ವರ್ಡ್ ಇಟ್ಟು, 'ಲೆಕ್ಕ' ಫೋಲ್ಡರ್ ಒಂದನ್ನು ಮಾತ್ರ ಆ ಹೆಸರಿಗೆ ಬಿಟ್ಟುಕೊಟ್ಟರು. ಪಾಸ್‌ವರ್ಡನ್ನು ಅಣ್ಣನ ಎದುರಿಗೇ ಚೀಟಿಯಲ್ಲಿ ಬರೆದು ಗಲ್ಲಾಪೆಟ್ಟಿಗೆಗೆ ಹಾಕಿಸಿದರು.

ಆ ಹುಡುಗ ತೆರೆದಿಟ್ಟ ಕದ

ಈಗ ಎಸ್‌ಎಂಬಿ 1. ಕಂಪ್ಯೂಟರುಗಳು ಫೈಲು ಹಂಚಿಕೊಳ್ಳುವ ಈ ಪದ್ಧತಿಯ ಮೂಲ 1980ರ ದಶಕದ ಐಬಿಎಂ ಕಂಪನಿ. ಹಿಂದೆ ನೆಟ್‌ವರ್ಕ್ ಪಟ್ಟಿಯಲ್ಲಿ ಹೆಸರು ಕಾಣುತ್ತಿದ್ದದ್ದೂ ಇದರ ಹಳೇ ರೂಪದ ದಯೆಯಿಂದಲೇ. 2017ರ ಮೇ 12ರಂದು 'ವಾನಾಕ್ರೈ' ಅನ್ನುವ ಪಿಡುಗು ಇದೇ ಹಳೇ ಕದದಿಂದ ನುಗ್ಗಿತು. ಒಂದು ಕಂಪ್ಯೂಟರಿಗೆ ಹೊಕ್ಕರೆ ಯಾರೂ ಏನೂ ಒತ್ತದೆ ಪಕ್ಕದ್ದಕ್ಕೆ ತಾನೇ ಹಾರುತ್ತಿತ್ತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮೇಲ್ಪಟ್ಟು ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಬಿತ್ತು. 300 ಡಾಲರಿನಷ್ಟು ಬಿಟ್‌ಕಾಯಿನ್ ಕೊಟ್ಟರೆ ಬಿಡುತ್ತೇವೆ ಅಂತ ಬೆದರಿಕೆ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಅದಕ್ಕೆ ಮದ್ದಿನ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚಿಯಲ್ಲೇ ಬಿಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಆ ವರ್ಷದ ಕೊನೆಯ ಹೊತ್ತಿಗೆ ಹೊಸ ವಿಂಡೋಸ್ 10ರಲ್ಲಿ ಎಸ್‌ಎಂಬಿ 1 ಹಾಕಿ ಕೊಡುವುದನ್ನೇ ನಿಲ್ಲಿಸಿದರು. ಎಷ್ಟೋ ಮನೆಗಳಲ್ಲಿ ಹಳೇ ಕಂಪ್ಯೂಟರುಗಳು ಪಟ್ಟಿಯಿಂದ ಮಾಯವಾದದ್ದು ಆವಾಗಲೇ.

ಅಂಥ ಕದವನ್ನು ಹುಡುಗ 800 ರೂಪಾಯಿಗೆ ಮತ್ತೆ ತೆರೆದು, ಕಾವಲುಗಾರನನ್ನೂ ಮನೆಗೆ ಕಳಿಸಿದ್ದ. ಅದೂ ಎಂಥಾ ಅಂಗಡಿಯಲ್ಲಿ? ಗಿರಾಕಿಗಳು ಫೋನ್‌ಪೇ ಮಾಡಲಿ ಅಂತ ವೈಫೈ ಪಾಸ್‌ವರ್ಡನ್ನು ಗೋಡೆ ಮೇಲೆ ಬರೆದು ಅಂಟಿಸಿದ ಅಂಗಡಿಯಲ್ಲಿ! ಸೀರೆ ನೋಡಲು ಬಂದವರ ಫೋನೂ, ಅಂಗಡಿಯ ಲೆಕ್ಕವೂ ಒಂದೇ ಊರಿನಲ್ಲಿ. ಹಿರಿಯರು ಎಸ್‌ಎಂಬಿ 1 ಕಿತ್ತು ಹಾಕಿದರು. ವೈಫೈ ಪಾಸ್‌ವರ್ಡ್ ಬದಲಿಸಿ, ಗಿರಾಕಿಗಳಿಗೆ ಡಬ್ಬಿಯಲ್ಲೇ ಇದ್ದ 'ಗೆಸ್ಟ್' ವೈಫೈ ತೆರೆದುಕೊಟ್ಟರು. ಗೆಸ್ಟಿನಲ್ಲಿ ಇದ್ದವರಿಗೆ ನೆಟ್ ಸಿಗುತ್ತೆ, ಮನೆಯ ಯಂತ್ರ ಕಾಣುವುದಿಲ್ಲ. ನಿಮ್ಮದೇ ಲ್ಯಾಪ್‌ಟಾಪ್ ಮರೆತು ಗೆಸ್ಟಿಗೆ ಸೇರಿಕೊಂಡರೆ ಅದಕ್ಕೂ ಇದೇ ಗತಿ, ಅದನ್ನೂ ನೋಡಿಕೊಳ್ಳಿ. ಅಂಗಡಿ ಕಂಪ್ಯೂಟರು ಇನ್ನೂ ವಿಂಡೋಸ್ 10. ಅದಕ್ಕೆ ಮಾಮೂಲು ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಮುಂದಿನ ಹಬ್ಬದೊಳಗೆ ಬದಲಿಸಿ ಅಂದರು. ಅಣ್ಣ ಹೂಂ ಅಂದರು. ಬದಲಿಸುತ್ತಾರೋ ಇಲ್ಲವೋ ನನಗೆ ಅನುಮಾನ.

ಎರಡೂ ಯಂತ್ರ ಒಮ್ಮೆ ಆರಿಸಿ ಹಚ್ಚಿದರು. ಚಹಾ ಬಂತು. ಹಿರಿಯರು ದುಡ್ಡು ಮುಟ್ಟಲಿಲ್ಲ, ಎರಡು ಟವೆಲ್ ಕೊಟ್ಟರೆ ಒಂದಕ್ಕೆ ದುಡ್ಡು ಕೊಟ್ಟು ಹೋದರು. ಪ್ರಿಂಟರ್ ಮಾತ್ರ ಅವತ್ತು ಸಂಜೆಯವರೆಗೂ ಕಾಣಲಿಲ್ಲ, ಅದರ ಕಥೆ ಬೇರೆ.

ಮೇಲಿನ ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಅಂಗಡಿಯ ಹೆಸರು ಮೂಡಿತು. ತಮ್ಮ 'ಲೆಕ್ಕ' ತೆರೆದು, ಅಣ್ಣನಿಗೆ ತೋರಿಸೋಣ ಅಂತ ಉದ್ರಿ ಪಟ್ಟಿಯನ್ನೇ ಒತ್ತಿದರು. ಅಣ್ಣ ಕನ್ನಡಕ ಏರಿಸಿ ಓದುತ್ತಾ ಹೋದವರು ಒಂದು ಕಡೆ ನಿಂತು, "ಏನ್ರೀ ಪೇಪರ್ನೋರೇ, ಮಗಳ ಯೂನಿಫಾರಂ ಬಟ್ಟೆದು 640 ಇನ್ನೂ ಹಂಗೇ ಐತಲ್ಲ?" ಅಂದರು. ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿ ನೋಡಿದರು. ಅಲ್ಲೇ ಎಣಿಸಿ ಕೊಟ್ಟು ಬಂದೆ.